ಮಾವನ ಕಂಪ್ಲೇಂಟ್ ಕೆಲಸ

ನಮ್ಮ ಸೋದರಮಾವನನ್ನು ಈಗೀಗ ಯಾರೂ ಮನೆಗೆ ಕರೆಯುವುದಿಲ್ಲ. ಜಗಳಗಂಟನೇ? ಅಲ್ಲ. ಕುಡಿತವೇ? ಟೀ ಬಿಟ್ಟು ಬೇರೇನನ್ನೂ ಮುಟ್ಟಿದವನಲ್ಲ. ಬಂದು ಕೂತರೆ ಮೇಲೇಳದ ಪೈಕಿಯೇ? ಅದೂ ಅಲ್ಲ, ಅವನು ಕೂರುವುದೇ ಇಲ್ಲ! ಅವನು ಬಂದು ಹೋದ ಮೇಲೆ ಆ ಮನೆಯವರು ತಮ್ಮ ಮನೆಯಲ್ಲಿ ತಾವೇ ಮಲಗಲು ಹೆದರುತ್ತಾರೆ. ಅವನ ಮೇಲಿರುವ ಆರೋಪ ಇಷ್ಟೇ.

ಬೇರೆ ನೆಂಟರಾದರೆ ಚಪ್ಪಲಿ ಬಿಟ್ಟು, ಕಾಲು ತೊಳೆದು, ನಗುತ್ತಾ ಒಳಗೆ ಬರುತ್ತಾರೆ. ನಮ್ಮ ಮಾವ ಬೀದಿಯಲ್ಲೇ ನಿಂತು ತಲೆ ಎತ್ತಿ ಸಜ್ಜಾ ನೋಡುತ್ತಾನೆ. ಆಮೇಲೆ ಜೇಬಿಗೆ ಕೈ ಹಾಕುತ್ತಾನೆ. ಮಕ್ಕಳು ಚಾಕಲೇಟು ಬರುತ್ತದೆಂದು ಓಡಿ ಬಂದರೆ ಸರ್ರೆಂದು ಅಳತೆ ಟೇಪು ಈಚೆ ಬರುತ್ತದೆ. ಒಮ್ಮೆ ರಾಮನಗರದಲ್ಲಿ ನನ್ನ ಸಹೋದ್ಯೋಗಿಯೊಬ್ಬರ ಮನೆಗೆ ಜೊತೆಯಲ್ಲಿ ಕರೆದುಕೊಂಡು ಹೋಗಿದ್ದೆ. ಹೊಸ್ತಿಲು ದಾಟುವ ಮೊದಲೇ ಕೇಳಿದ.

"ಈ ಮೆಟ್ಲು ಒಸಿ ಎತ್ತರ ಐತಲ್ಲ. ಮನೇಲಿ ವಯಸ್ಸಾದೋರು ಯಾರಾರ ಅವ್ರಾ?"

"ನಮ್ಮತ್ತೆ ಇದ್ದಾರೆ."

"ಬಿದ್ದಿಲ್ವಾ ಇನ್ನೂವೆ?"

ಹೀಗೆ ಕೇಳಿದರೆ ಯಾವ ಸೊಸೆ ತಾನೇ ಕಾಫಿ ಕೊಟ್ಟಾಳು? (ಆ ಸೊಸೆ ಎರಡು ಲೋಟ ಕೊಟ್ಟಳು, ಅದು ಬೇರೆ ಮಾತು.)

ಅಂದಹಾಗೆ, ಮಾವನನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ಹುಬ್ಬೇರಿಸಬೇಡಿ. ನಮ್ಮ ಕಡೆ ಗೌರವ ಜಾಸ್ತಿಯಾದರೆ ಬಹುವಚನ, ಪ್ರೀತಿ ಜಾಸ್ತಿಯಾದರೆ ಏಕವಚನ. ನನ್ನವ್ವನ ಕೊನೆಯ ತಮ್ಮ ಅವನು. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವನಿಗೆ "ರೀ" ಹಚ್ಚುವುದು ಹೇಗೆ?

ತಮಾಷೆ ಏನೆಂದರೆ, ಎರಡು ವರ್ಷದ ಹಿಂದಿನವರೆಗೆ ಇದೇ ಮಾವ ಚನ್ನಪಟ್ಟಣದಲ್ಲಿ ಮನೆ ಕಟ್ಟುವ ಮೇಸ್ತ್ರಿಯಾಗಿದ್ದ. ಅವನು ಕಟ್ಟಿದ ಮನೆಗಳನ್ನು ಗುರುತಿಸುವುದು ಬಲು ಸುಲಭ. ಬಚ್ಚಲ ಬಾಗಿಲು ತೆರೆದರೆ ಅದು ಬಕೆಟ್ಟಿಗೆ ಬಡಿದು ವಾಪಸು ನಿಮ್ಮ ಹಣೆಗೆ ಬಡಿಯಬೇಕು. ಅಡ್ಡಡ್ಡ ನುಸುಳಿ ಒಳಗೆ ಹೋಗಬೇಕು. ಮಹಡಿ ಮೆಟ್ಟಿಲುಗಳಲ್ಲಿ ಮೊದಲನೆಯದು ಮಗುವಿಗೂ ಎಟಕುತ್ತದೆ, ಕೊನೆಯದಕ್ಕೆ ಕುದುರೆ ಹತ್ತಿದ ಅನುಭವ ಇರಬೇಕು. ಸಜ್ಜಾ ನಮ್ಮದು, ಅದರ ನೀರು ಮಾತ್ರ ಪಕ್ಕದ ಮನೆಯವರದು. ಯಾರಾದರೂ ಬಾಯಿ ಬಿಟ್ಟರೆ ಅವನದು ಒಂದೇ ಉತ್ತರ: "ಒಸಿ ಅಡ್ಜಸ್ಟ್ ಮಾಡ್ಕಳಿ." ಹಾಗೆಂದು ಜನ ಅವನನ್ನು ಬಿಡುತ್ತಿದ್ದರೇ? ಇಲ್ಲ. ಹೇಳಿದ ತಿಂಗಳಿಗೆ ಗೃಹಪ್ರವೇಶ ಮಾಡಿಸುತ್ತಿದ್ದ. ಕೆಲಸ ಮುಗಿಯುವವರೆಗೂ ಎಲ್ಲರನ್ನೂ ನಗಿಸುತ್ತಿದ್ದ. ಅಂಥ ಮೇಸ್ತ್ರಿ ಇನ್ನೆಲ್ಲಿ ಸಿಗಬೇಕು?

ಹೀಗಿರುವಾಗ ಒಂದು ದಿನ ಗಾರೆ ಕೆಲಸಕ್ಕೆಂದು ಗೋಡೆಗೆ ಕಟ್ಟಿದ್ದ ಮರದ ಸಾರ್ವೆ ಮೇಲಿಂದ ಕಾಲು ಜಾರಿತು. ಕೆಳಗೆ ಮರಳಿನ ಗುಡ್ಡೆ ಇದ್ದುದರಿಂದ ಮಾವ ಉಳಿದ. ಸೊಂಟ ಮಾತ್ರ ಮೊದಲಿನಂತಾಗಲಿಲ್ಲ. ಇನ್ನು ಸಾರ್ವೆ ಹತ್ತುವಂತಿಲ್ಲ, ಭಾರ ಎತ್ತುವಂತಿಲ್ಲ ಎಂದರು ಡಾಕ್ಟರು. ಹತ್ತದ, ಎತ್ತದ ಮೇಸ್ತ್ರಿ ಏನು ಮಾಡಬೇಕು? ಕೆಳಗೆ ನಿಂತು ಕೂಗಬೇಕು. ಕೂಗಲು ಅವನಿಗೆ ಹೇಳಿಕೊಡಬೇಕೇ! ಬಿಡದಿಯ ಹತ್ತಿರ ಒಂದು ಗೋದಾಮಿನ ಕೆಲಸ ಹಿಡಿದು, ಕೋಲೂರಿಕೊಂಡು ಕೂಗುತ್ತಾ ನಿಂತ.

ಅಲ್ಲಿಗೆ ಬಂದ ಒಬ್ಬ ಎಳೆ ಇಂಜಿನಿಯರು. ಕಟ್ಟಡಗಳು ಕಾನೂನಿಗೆ ಸರಿಯಾಗಿವೆಯೇ, ಬೆಂಕಿ ಬಿದ್ದರೆ ಜನ ಹೊರಗೆ ಓಡಲು ದಾರಿ ಇದೆಯೇ ಎಂದು ನೋಡಿ ವರದಿ ಕೊಡುವ ಕಂಪನಿಯೊಂದರವನು. ಗೋದಾಮನ್ನು ಒಂದು ಸುತ್ತು ಹಾಕಿ, ಹಿಂದಿನ ಬಾಗಿಲು ಕಿರಿದಾಯಿತು, ಗೋಡೆ ಒಡೆದು ಅಗಲ ಮಾಡಿ ಎಂದ. ಮಾವನಿಗೆ ರೇಗಿತು.

"ಸ್ವಾಮಿ, ನಿಮ್ಮ ವಯಸ್ಸಿಗಿಂತ ಜಾಸ್ತಿ ಬಾಗ್ಲು ಇಕ್ಕಿವ್ನಿ ನಾನು!"

"ಇಕ್ಕಿರಬಹುದು ಯಜಮಾನ್ರೆ. ಬೆಂಕಿ ಬಿದ್ರೆ ಜನ ನಿಮ್ಮ ವಯಸ್ಸು ಕೇಳಿಕೊಂಡು ನಿಂತ್ಕೊಳಲ್ಲ. ಎಲ್ಲರೂ ಒಟ್ಟಿಗೆ ನುಗ್ತಾರೆ."

ಬೆಳಗ್ಗೆ ಶುರುವಾದ ವಾದ ಊಟದ ಹೊತ್ತಾದರೂ ಮುಗಿಯಲಿಲ್ಲ. ತಟ್ಟೆ ಇಡ್ಲಿ ಹೋಟೆಲಿನಲ್ಲಿ ಎದುರುಬದುರು ಕೂತು ಮುಂದುವರಿಯಿತು. ಕೊನೆಗೆ ಬೇಸತ್ತ ಇಂಜಿನಿಯರು ಕೈ ಮುಗಿದು, "ನಿಮಗೆ ಇಷ್ಟು ಬಾಯಿ ಇದೆಯಲ್ಲ, ನಮ್ಮ ಕಡೆಗೇ ಬಂದು ಸೇರ್ಕೊಳ್ಳಿ. ಟ್ರೇನಿ ತಗೋತಾ ಇದ್ದೀವಿ" ಎಂದ. ಪಾಪ, ಸುಮ್ಮನೆ ಆಡಿದ ಮಾತು. ಗೋದಾಮು ಮುಗಿದ ಸೋಮವಾರ ಮಾವ ಇಸ್ತ್ರಿ ಶರ್ಟು ಹಾಕಿ, ಟ್ರಂಕಿನ ತಳದಿಂದ ತೆಗೆದ ಐಟಿಐ ಡ್ರಾಫ್ಟ್ಸ್‌ಮನ್ ಸರ್ಟಿಫಿಕೇಟು ಹಿಡಿದು, ಊಟದ ಡಬ್ಬಿಯ ಸಮೇತ ಬಿಡದಿಯ ಆ ಕಂಪನಿಯ ಬಾಗಿಲಲ್ಲಿ ಹಾಜರಾದ!

"ಡಬ್ಬಿ ಯಾಕೆ ತಗೊಂಡು ಹೋದೆ ಮಾವ? ಕೆಲಸ ಕೊಡ್ತಾರೆ ಅಂತ ಗೊತ್ತಿತ್ತಾ?" ಎಂದು ಕೇಳಿದ್ದೆ.

"ಗೊತ್ತಿರ್ನಿಲ್ಲ ಕಣಮ್ಮಿ. ಡಬ್ಬಿ ತಂದಿರೋನ್ನ ಉಣ್ಣೋ ಗಂಟ ಯಾರೂ ಆಚೆಗೆ ಕಳ್ಸಾಕಿಲ್ಲ. ಅಷ್ಟೊತ್ತಿಗೆ ಮಾತಾಡ್ಕಬೋದು."

ಮಾತಾಡಿಯೇಬಿಟ್ಟ. ಕೆಲಸ ಸಿಕ್ಕಿತು, ಆದರೆ ಕಲಿಯುವವನ ಕೆಲಸ. ಐದು ದಿನ ಇಂಜಿನಿಯರುಗಳ ಜೊತೆ ಕಟ್ಟಡ ಸುತ್ತಿ ಅಳತೆ ಹಿಡಿಯಬೇಕು. ಶನಿವಾರ ಇಡೀ ದಿನ ಆಫೀಸಿನಲ್ಲೇ ಪಾಠ. ಕೊನೆಗೊಂದು ಪರೀಕ್ಷೆ, ಜೊತೆಗೆ ಒಂದು ಮನೆಯನ್ನು ತಾನೇ ತಪಾಸಣೆ ಮಾಡಿ ವರದಿ ಒಪ್ಪಿಸಬೇಕು. ಪಾಸಾದರೆ ಕೆಲಸ ಕಾಯಂ, ಫೇಲಾದರೆ ಮನೆಗೆ. ನಲವತ್ತೆಂಟರ ಮಾವ ಸೊಂಟಕ್ಕೆ ಬೆಲ್ಟು ಬಿಗಿದು ದಿನಾ ರೈಲು ಹತ್ತತೊಡಗಿದ. ಅಕ್ಕಪಕ್ಕದವರು ಅತ್ತೆಯನ್ನು, ಅಂದರೆ ಅವನ ಹೆಂಡತಿಯನ್ನು, "ಏನಂತೆ ಕೆಲಸ?" ಎಂದು ಕೇಳಿದರೆ, "ಟ್ರೇನಿಯಂತೆ ಕಣವ್ವ. ದಿನಾ ಟ್ರೇನಲ್ಲೇ ಅಲ್ವಾ ಹೋಗೋದು" ಎನ್ನುತ್ತಿದ್ದಳು.

ಅತ್ತೆಯದೇ ವಾಸಿ. ಸಾತನೂರಿನ ಆಚೆ ಹಳ್ಳಿಯಲ್ಲಿರುವ ನಮ್ಮವ್ವನಿಗೆ ಮಾವ ಫೋನಿನಲ್ಲಿ "ಬಿಲ್ಡಿಂಗ್ ಕಂಪ್ಲೈಯನ್ಸ್ ಕಣಕ್ಕಾ" ಎಂದು ಹೇಳಿದ್ದಾನೆ. ಅವ್ವನಿಗೆ ಅದು ಹೇಗೆ ಕೇಳಿಸಿತೋ! ಡೇರಿಗೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿಕೊಂಡು ಬಂದಳು: "ನನ್ನ ತಮ್ಮಂಗೆ ಕಂಪ್ಲೇಂಟ್ ಹೇಳೋ ಕೆಲಸ ಸಿಕ್ಕೈತಂತೆ. ಸಣ್ಣೋನಿದ್ದಾಗಿಂದ್ಲೂ ಅದೇ ಮಾಡ್ತಿದ್ದ. ಈಗ ಅದಕ್ಕೆ ಸಂಬಳ ಕೊಡ್ತಾರಂತೆ ನೋಡವ್ವ!"

ನಾನು ತಿದ್ದಲು ಹೋಗಲಿಲ್ಲ. ಮಾವನ ಕೆಲಸಕ್ಕೆ ಇಷ್ಟು ಸರಿಯಾದ ಕನ್ನಡ ಅನುವಾದ, ಶಾಲೆಯಲ್ಲಿ ಕನ್ನಡ ಪಾಠ ಮಾಡುವ ನನಗೂ ಹೊಳೆದಿರಲಿಲ್ಲ.

ಶನಿವಾರದ ಪಾಠದ ಕಥೆ ಕೇಳಿ. ತರಗತಿಯಲ್ಲಿ ಉಳಿದವರೆಲ್ಲ ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಹುಡುಗಿಯರು. ಮೊದಲ ದಿನ ಮಾವ ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತು ಗುಡ್ ಮಾರ್ನಿಂಗ್ ಸರ್ ಎಂದರಂತೆ. ಮಾವನೂ ಬಿಡುವವನೇ? "ಕೂತ್ಕಳಿ ಕೂತ್ಕಳಿ" ಎಂದು ಕೈ ಸನ್ನೆ ಮಾಡಿ, ಹೋಗಿ ಕೊನೆಯ ಬೆಂಚಿನಲ್ಲಿ ಕೂತ. ಆಮೇಲೆ ಬಂದವರು ನಿಜವಾದ ಮೇಡಂ. ಅವರೂ ಚಿಕ್ಕ ವಯಸ್ಸಿನವರೇ. ಅವರಿಗೆ ಯಾರೂ ಏಳಲಿಲ್ಲ. ಗೌರವವೆಲ್ಲ ಖರ್ಚಾಗಿಹೋಗಿತ್ತು!

ಮೊದಲ ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ: ಮೆಟ್ಟಿಲಿನ ಎತ್ತರ ನಿಯಮಕ್ಕಿಂತ ಹೆಚ್ಚಾಗಿದ್ದರೆ ಏನು ಮಾಡಬೇಕು? ಮಾವ ಅನುಭವಸ್ಥ. ಮುತ್ತಿನಂಥ ಅಕ್ಷರದಲ್ಲಿ ಬರೆದ: "ಓನರು ಊರಿಗೆ ಹೋದ ದಿನ ನೋಡಿಕೊಂಡು, ಉಳಿದ ಎತ್ತರವನ್ನೆಲ್ಲ ಕೊನೆಯ ಮೆಟ್ಟಿಲಿಗೆ ಸೇರಿಸಿ, ಮೇಲೆ ಟೈಲ್ಸ್ ಹಾಕಿಬಿಡುವುದು." ಇನ್ನೊಂದು ಪ್ರಶ್ನೆ: ಪಕ್ಕದ ನಿವೇಶನದ ಕಡೆ ಬಿಡಬೇಕಾದ ಜಾಗ ಬಿಟ್ಟಿರದಿದ್ದರೆ? "ಪಕ್ಕದವನ ಸ್ವಭಾವ ನೋಡಿಕೊಂಡು ಮುಂದುವರಿಯುವುದು."

ಮೇಡಂ ಆ ಹಾಳೆಗೆ ಸೊನ್ನೆ ಹಾಕಿ, ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದರು: "ಇದು ಉತ್ತರವಲ್ಲ, ತಪ್ಪೊಪ್ಪಿಗೆ."

ಮಾವ ಆ ಹಾಳೆಯನ್ನು ನನಗೆ ತಂದು ತೋರಿಸಿ ನಕ್ಕ. ನಕ್ಕನಾದರೂ ಅಂದಿನಿಂದ ಓದಲು ಶುರುಮಾಡಿದ. ಎಲ್ಲಿ? ರೈಲಿನಲ್ಲಿ, ಕೊಟ್ಟಿಗೆಯಲ್ಲಿ, ಕ್ಷೌರದಂಗಡಿಯಲ್ಲಿ. ಚನ್ನಪಟ್ಟಣದಿಂದ ಬಿಡದಿಗೆ ಹೋಗುವ ಗಾಡಿಯಲ್ಲಿ ಸೀಟು ಸಿಗುವುದು ಪೂರ್ವಜನ್ಮದ ಪುಣ್ಯ. ಬಾಗಿಲ ಬಳಿ ನಿಂತೇ ಪುಸ್ತಕ ಬಿಡಿಸುತ್ತಿದ್ದ. ಒಮ್ಮೆ ಓದಿದ್ದು ತಲೆಗೇರಿ, ರಾಮನಗರದಲ್ಲಿ ಗಾಡಿ ನಿಂತಾಗ ಕೆಳಗಿಳಿದು ರೈಲಿನ ಮೆಟ್ಟಿಲಿಗೇ ಟೇಪು ಹಿಡಿದ. ಅಳತೆ ನೋಡಿ, ಛೆ ಛೆ ಎಂದು ತಲೆಯಾಡಿಸಿ, ಬರೆದುಕೊಳ್ಳಲು ಪೆನ್ನು ತೆಗೆಯುವಷ್ಟರಲ್ಲಿ ಗಾಡಿ ಹೊರಟೇಹೋಯಿತು. ಮಾವ ರೈಲನ್ನು ಫೇಲ್ ಮಾಡಿದ, ರೈಲು ಮಾವನನ್ನು ಬಿಟ್ಟುಹೋಯಿತು. ಲೆಕ್ಕ ಸರಿಹೋಯಿತು!

ಇಷ್ಟಾದರೆ ಪರವಾಗಿರಲಿಲ್ಲ. ಅತ್ತೆಯ ಅಣ್ಣನ ಮಗಳ ಮದುವೆ ಮಾಗಡಿಯ ಒಂದು ಛತ್ರದಲ್ಲಿ ನಡೆಯಿತು. ಕಲಿತ ವಿದ್ಯೆ ಛತ್ರ ನೋಡಿದರೆ ಸುಮ್ಮನಿದ್ದೀತೇ? ಧಾರೆ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಮಾವ ನಾಪತ್ತೆ. ಅತ್ತೆ ನನ್ನನ್ನು ಕಳಿಸಿದಳು. ಹೋಗಿ ನೋಡುತ್ತೇನೆ, ಊಟದ ಮನೆಯ ಹಿಂಬಾಗಿಲಿಗೆ ಕುರ್ಚಿಗಳನ್ನು ಸೂರಿನವರೆಗೆ ಪೇರಿಸಿಟ್ಟಿದ್ದಾರೆ. ಮಾವ ಅದರ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾನೆ. ಪಕ್ಕದಲ್ಲಿ ಹೆಣ್ಣಿನ ತಂದೆ, ಅಂದರೆ ಅವನ ಸ್ವಂತ ಭಾವ, ಕೈ ಮುಗಿಯುತ್ತಿದ್ದಾನೆ.

"ಭಾವ, ಇವತ್ತೊಂದು ದಿಸ ಬುಟ್ಬುಡಿ. ಬೀಗ್ರು ನೋಡ್ತಾವ್ರೆ."

"ಬೀಗ್ರು ನೋಡ್ಲಿ ಬುಡಿ ಭಾವ. ಇಷ್ಟು ಜನ ಉಣ್ತಾವ್ರೆ, ಪಕ್ಕದಲ್ಲೇ ಸಿಲಿಂಡರ್ ಉರೀತೈತೆ. ಏನಾರ ಆದ್ರೆ ಎಲ್ಲಿಂದ ಓಡ್ಬೇಕು ಹೇಳಿ?"

"ಏನೂ ಆಗಾಕಿಲ್ಲ ಭಾವ!"

"ಆಗಾಕಿಲ್ಲ ಅಂತ್ಲೇ ನಾನೂ ಸಾರ್ವೆ ಹತ್ತಿದ್ದು."

ಹೇಳಿದವನೇ ತಾನೇ ಒಂದೊಂದೇ ಕುರ್ಚಿ ಇಳಿಸತೊಡಗಿದ. ಸೊಂಟ ನೋವಿನ ಮನುಷ್ಯ! ನಾನೂ ಸೆರಗು ಸಿಕ್ಕಿಸಿಕೊಂಡು ಕೈ ಹಾಕಿದೆ. ನಮ್ಮಿಬ್ಬರನ್ನೂ ಛತ್ರದ ಆಳುಗಳೆಂದುಕೊಂಡು ಗಂಡಿನ ಕಡೆಯ ಒಬ್ಬ ಹೆಂಗಸು, "ಆ ಕಡೆ ಪಂಕ್ತಿಗೆ ನೀರು ಬಂದಿಲ್ಲ, ನೋಡಿ" ಎಂದರು. ಅಂತೂ ಬಾಗಿಲು ತೆರೆಯಿತು. ಮಾವ ಗೆದ್ದ ಮುಖದಲ್ಲಿ ಬೆವರು ಒರೆಸಿಕೊಂಡು, "ನೋಡಮ್ಮಿ, ಈಗ ಆಪತ್ತಿಗೆ ಜನ ಈ ಕಡೆಯಿಂದ ಆಚೆಗೆ ಹೋಗಬೋದು" ಎಂದ.

ಆಚೆಗೆ ಒಬ್ಬರೂ ಹೋಗಲಿಲ್ಲ. ಮುಂಬಾಗಿಲಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಿದ್ದವರಿಗೆ ಹಿಂಬಾಗಿಲು ತೆರೆದ ಸುದ್ದಿ ಹೇಗೆ ಮುಟ್ಟಿತೋ ದೇವರೇ ಬಲ್ಲ. ಹೋ ಎಂದು ಆ ಕಡೆಯಿಂದ ಒಳಗೆ ನುಗ್ಗಿ ಎಲ್ಲ ಎಲೆಗಳ ಮುಂದೆ ಕೂತುಬಿಟ್ಟರು. ತುರ್ತು ನಿರ್ಗಮನ ಎಂದು ಮಾಡಿಸಿದ್ದು ತುರ್ತು ಆಗಮನವಾಯಿತು! ಮಾವನಿಗೆ ಜಾಗ ಸಿಕ್ಕಿದ್ದು ಕೊನೆಯ ಪಂಕ್ತಿಯಲ್ಲಿ. ಅಷ್ಟರಲ್ಲಿ ಪಾಯಸ ಖಾಲಿ. ಮನೆಗೆ ಹೋದ ಮೇಲೆ ಅತ್ತೆ ಏನಂದಳೆಂದು ಬರೆಯುವುದು ಬೇಡ. ಮೂರು ದಿನ ಏನೂ ಅನ್ನಲಿಲ್ಲ ಎಂದಷ್ಟೇ ಹೇಳಿದರೆ ಸಂಸಾರಸ್ಥರಿಗೆ ಅರ್ಥವಾಗುತ್ತದೆ.

ಇಷ್ಟರವರೆಗೆ ಮಾವ ಎಡವಿದ್ದೆಲ್ಲ ಬೇರೆಯವರ ಕಟ್ಟಡಗಳಲ್ಲಿ. ಮಜಾ ಇರುವುದು ಮುಂದೆ.

ಬಿಡದಿಯ ಹತ್ತಿರ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ತಮ್ಮ ಮಹಡಿ ಮನೆಯನ್ನು ಕಾರ್ಖಾನೆ ಹುಡುಗರ ಪೀಜಿ ಮಾಡಿದ್ದರು. ಅದನ್ನು ತಪಾಸಣೆ ಮಾಡಲು ಪಾಠದ ಮೇಡಂ ಹೊರಟರು, ಅಳತೆ ಹಿಡಿಯಲು ಮಾವ ಜೊತೆಗೆ. ಬೀದಿಯ ತಿರುವಿನಲ್ಲೇ ಮಾವನ ಹೆಜ್ಜೆ ನಿಧಾನವಾಯಿತು. ಸಜ್ಜಾ ಗುರುತು ಸಿಕ್ಕಿತ್ತು! ಮೇಡಂ ಒಂದೊಂದೇ ಕೋಣೆ ನೋಡುತ್ತಾ ಹೋದರು. ಬಚ್ಚಲ ಬಾಗಿಲು ಅವರ ಹಣೆಗೂ ಬಡಿಯಿತು. ಮಹಡಿಯ ಬಾಲ್ಕನಿಗೆ ಬಂದು ನಿಂತರೆ ಅದರ ಕಂಬಿ ಮೊಣಕಾಲಿನಿಂದ ತುಸುವೇ ಮೇಲೆ.

"ಅಲ್ಲ ರೀ, ಇದನ್ನ ಕಟ್ಟಿದ ಮೇಸ್ತ್ರಿ ಯಾರು? ಅವನಿಗೆ ತಲೆ ನೆಟ್ಟಗಿತ್ತಾ?" ಎಂದರು ಮೇಡಂ.

ಮಾವ ಟೇಪಿನ ಕಡೆ ಬಗ್ಗಿದ. ಕಂಡಕ್ಟರಿಗೆ ಮಾತ್ರ ಬಹಳ ಸಂತೋಷವಾಯಿತು.

"ಅಯ್ಯೋ, ನಿಮ್ಮ ಪಕ್ಕದಲ್ಲೇ ಅವ್ರಲ್ಲ ಮೇಡಂ, ಇವ್ರೇ! ನಮ್ಮ ಮೇಸ್ತ್ರಿ! ಏನ್ ಸ್ವಾಮಿ, ಗುರುತೇ ಸಿಕ್ನಿಲ್ವಾ? ಗೃಹಪ್ರವೇಶದಲ್ಲಿ ನಿಮಗೆ ಶಾಲು ಹೊದ್ದಿಸಿದ್ನಲ್ಲ!"

ಮೇಡಂ ಮಾವನನ್ನು ನೋಡಿದರು. ಮಾವ ಬಾಲ್ಕನಿಯಿಂದ ಕೆಳಗೆ ನೋಡಿದ. ಹಾರಿಬಿಡೋಣ ಅನ್ನಿಸಿತಂತೆ. "ಕಂಬಿನೂ ಅಡ್ಡ ಬರ್ತಿರ್ನಿಲ್ಲ ಕಣಮ್ಮಿ" ಎಂದ ನನ್ನ ಹತ್ತಿರ.

ಕಾರಿನಲ್ಲಿ ವಾಪಸು ಬರುವಾಗ ಮೇಡಂ ಬೈಯಲಿಲ್ಲವಂತೆ. ಆಫೀಸು ಬರುವವರೆಗೂ ಕಿಟಕಿ ಕಡೆ ತಿರುಗಿ ನಗುತ್ತಿದ್ದರಂತೆ. ಮಾವ ಮಾತ್ರ ಆ ವಾರ ನಮ್ಮ ಮನೆಗೆ ಬಂದಾಗ ಮೊದಲ ಸಲ ಕುರ್ಚಿಯಲ್ಲಿ ಸುಮ್ಮನೆ ಕೂತ.

"ಆ ಬಾಲ್ಕನಿ ಕಂಬಿ ಯಾಕೆ ಕೆಳಕ್ಕೆ ಹಾಕ್ದೆ ಗೊತ್ತಾ? ಕಬ್ಬಿಣ ಸಾಲದಾಗಿತ್ತು. ಇನ್ನೊಂದು ಸಲ ಅಂಗಡಿಗೆ ಹೋಗಿ ಬರಾಕೆ ಬೇಜಾರು. ಅಷ್ಟೇ ಕಣಮ್ಮಿ. ಈಗ ಹುಡುಗ್ರು ಸಂಜೆ ಹೊತ್ತು ಫೋನಲ್ಲಿ ಮಾತಾಡ್ತಾ ಅದಕ್ಕೇ ಒರಗಿ ನಿಂತ್ಕತಾವೆ."

ಮರುದಿನ ಭಾನುವಾರ. ಮಾವ ವೆಲ್ಡಿಂಗ್ ಮಾಡುವವನೊಬ್ಬನನ್ನು ಕರೆದುಕೊಂಡು ಹೋಗಿ ಆ ಕಂಬಿಯನ್ನು ಎದೆಮಟ್ಟಕ್ಕೆ ಎತ್ತರಿಸಿ ಬಂದ. ಅಲ್ಲಿಗೆ ನಿಂತಿತೇ? ಭಾನುವಾರ ಬಂತೆಂದರೆ ತಾನು ಕಟ್ಟಿದ ಮನೆಗಳ ಯಾತ್ರೆ ಹೊರಡುವುದು ಅವನ ಚಾಳಿಯಾಯಿತು. ಆದರೆ ಮನೆಯವರು ಒಳಗೆ ಬಿಡಬೇಕಲ್ಲ? "ಮನೆ ಚೆನ್ನಾಗೈತೆ, ನೀವು ಹೋಗಿ ಬನ್ನಿ" ಎನ್ನುವವರೇ ಎಲ್ಲ. ಸುಖವಾಗಿ ಬಾಳುತ್ತಿರುವ ಮನೆಯ ಬಾಗಿಲಿಗೆ ಬಂದು ನಾನು ಮಾಡಿದ ತಪ್ಪು ತೋರಿಸುತ್ತೇನೆ ಎಂದರೆ ಯಾರಿಗೆ ಬೇಕು?

ಕನಕಪುರದಲ್ಲಿ ಒಬ್ಬ ಯಜಮಾನರಂತೂ ಗೇಟು ತೆಗೆಯಲೇ ಇಲ್ಲ. ಅವರ ತಾರಸಿಗೆ ಪಶ್ಚಿಮದ ಕಡೆ ತಡೆಗೋಡೆಯೇ ಇರಲಿಲ್ಲ. ಮೊಮ್ಮಕ್ಕಳು ಗಾಳಿಪಟ ಹಾರಿಸುವುದು ಅದೇ ತಾರಸಿಯಲ್ಲಿ. ಮಾವ ಮೂರು ಭಾನುವಾರ ಅಲೆದ. ನಾಲ್ಕನೆಯ ಸಲ ನಾನೂ ಜೊತೆಗಿದ್ದೆ. ಗೇಟಿನಾಚೆ ನಿಂತು, ಮುಖ ಗಂಭೀರ ಮಾಡಿಕೊಂಡು, ಮೆಲ್ಲಗೆ ಹೇಳಿದ: "ಯಜಮಾನ್ರೆ, ಹೇಳಬಾರ್ದು, ಆದ್ರೂ ಹೇಳ್ತೀನಿ. ಈ ಮನೆ ಪಶ್ಚಿಮಕ್ಕೆ ಒಂದು ದೋಷ ಐತೆ. ಪತನ ಯೋಗ."

ಗೇಟು ತೆರೆಯಿತು! ಕಾಫಿ ಬಂತು! ಯಜಮಾನರು ತಾವೇ ಇಟ್ಟಿಗೆ ತರಿಸಿದರು, ಒಳ್ಳೆಯ ದಿನ ನೋಡಿ ಪೂಜೆ ಮಾಡಿಸಿ ಪಶ್ಚಿಮಕ್ಕೆ ಎದೆಯುದ್ದ ಗೋಡೆ ಎಬ್ಬಿಸಿದರು. ಬಸ್ ಸ್ಟ್ಯಾಂಡಿನಲ್ಲಿ ನಾನು ಮಾವನನ್ನು ತರಾಟೆಗೆ ತೆಗೆದುಕೊಂಡೆ.

"ವಾಸ್ತು ಅಂತ ಸುಳ್ಳು ಹೇಳ್ದೆಯಲ್ಲ ಮಾವ!"

"ಸುಳ್ಳು ಏನ್ ಹೇಳ್ದೆ? ಗೋಡೆ ಇಲ್ದಿರೋ ತಾರಸೀಲಿ ಪತನ ಆಗ್ದೆ ಉನ್ನತಿ ಆಯ್ತದಾ?"

ಇಷ್ಟರಲ್ಲಿ ಪರೀಕ್ಷೆ ಹತ್ತಿರ ಬಂತು. ಒಪ್ಪಿಸಬೇಕಾದ ವರದಿಗೆ ಒಂದು ಮನೆ ಬೇಕು. ಯಾರ ಮನೆಗೆ ಹೋಗುವುದು? ಊರಲ್ಲೆಲ್ಲ ಬಾಗಿಲು ಮುಚ್ಚಿಸಿಕೊಂಡಿದ್ದಾನೆ! ಕೊನೆಗೆ ಮಾವ, "ಅಕ್ಕನ ಮನೆಗೇ ಹೋಗವ ನಡಿ. ಅವಳು ಆಚೆಗೆ ಹಾಕಾಕಿಲ್ಲ" ಎಂದ. ಒಂದು ಭಾನುವಾರ ಇಬ್ಬರೂ ಬಸ್ಸು ಹಿಡಿದು ಸಾತನೂರು ದಾಟಿ ನಮ್ಮೂರಿಗೆ ಹೋದೆವು.

ಆ ಮನೆಯ ಬಗ್ಗೆ ಸ್ವಲ್ಪ ಹೇಳಬೇಕು. ಅಪ್ಪ ತೀರಿಕೊಂಡಾಗ ನಾನಿನ್ನೂ ಶಾಲೆಗೆ ಸೇರಿದ್ದೆನಷ್ಟೆ, ನನ್ನ ತಮ್ಮ ತೊಟ್ಟಿಲಲ್ಲಿದ್ದ. ದೊಡ್ಡ ಮನೆ ಭಾಗವಾದಾಗ ನಮ್ಮ ಪಾಲಿಗೆ ಬಂದದ್ದು ದನದ ಕೊಟ್ಟಿಗೆಯ ಜಾಗ. ಮಾವ ಆಗ ತಾನೇ ಐಟಿಐ ಮುಗಿಸಿ ಒಬ್ಬ ಮೇಸ್ತ್ರಿಯ ಕೈಕೆಳಗೆ ಸೇರಿದ್ದ. ರಜೆ ಸಿಕ್ಕಾಗಲೆಲ್ಲ ಬಂದು ಆ ಜಾಗದಲ್ಲಿ ಅವ್ವನಿಗೆ ಎರಡು ಕೋಣೆಯ ಮನೆ ಎಬ್ಬಿಸಿದ. ಅವನು ಕಟ್ಟಿದ ಮೊದಲ ಮನೆ ಅದು. ಬೇರೆಯವರ ಕೆಲಸದಲ್ಲಿ ಮಿಕ್ಕದ್ದನ್ನು ಕೇಳಿ ತಂದು ಕಟ್ಟಿದ್ದರಿಂದ ಒಂದು ಕಿಟಕಿಯಂತೆ ಇನ್ನೊಂದಿಲ್ಲ. ಮುಂಬಾಗಿಲು ಹಸಿರು, ಅದರ ಚೌಕಟ್ಟು ನೀಲಿ. ಹೊರಗಡೆಯಿಂದ ತಾರಸಿಗೆ ಹೋಗುವ ಕಲ್ಲಿನ ಮೆಟ್ಟಿಲು ಒಂದೊಂದೂ ಒಂದೊಂದು ಎತ್ತರ. ಅವ್ವ ಸಂಜೆಯಾದರೆ ತಾರಸಿ ಹತ್ತಿ, ಪಕ್ಕದ ತಾರಸಿಯ ಗೆಳತಿಯ ಜೊತೆ ಅವರೆಕಾಯಿ ಬಿಡಿಸುತ್ತಾ ಊರಿನ ವರ್ತಮಾನ ಮಾತಾಡುತ್ತಿದ್ದಳು. ಮಂಡಿ ನೋವು ಶುರುವಾದ ಮೇಲೆ ಹತ್ತುವುದು ನಿಂತುಹೋಗಿತ್ತು. ಅಂಗಳದಲ್ಲೇ ನಿಂತು ಮೇಲಕ್ಕೆ ಕೂಗುತ್ತಿದ್ದಳು.

ನಾವು ಹೋದಾಗ ನನ್ನ ತಮ್ಮ ಮತ್ತು ಅವನ ಹೆಂಡತಿ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದರು. ಅವ್ವ ಒಳಗೆ ಮುದ್ದೆಗೆ ಹಿಟ್ಟು ತೊಳಸುತ್ತಿದ್ದಳು. ಮಾವ ನೀರು ಕೂಡ ಕುಡಿಯದೆ ಟೇಪು ಬಿಚ್ಚಿದ. ಅವನು ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ.

"ಬಾಗ್ಲು ಚೌಕಟ್ಟು ಓರೆ. ಬರ್ಕೋ. ಒಲೆ ಹತ್ರದ ಕಿಟಕಿ ಸಣ್ಣದು, ಹೊಗೆ ಆಚೆಗೆ ಹೋಗಾಕಿಲ್ಲ. ಬರ್ಕೋ. ಗೋಡೆ ಮಟ್ಟ ಇಲ್ಲ, ನೋಡಿಲ್ಲಿ, ಹಾವು ಹರಿದಂಗೈತೆ. ಬರ್ಕೋ."

ಮೊದಮೊದಲು ನಗುತ್ತಲೇ ಹೇಳುತ್ತಿದ್ದ. ಹೋಗುತ್ತಾ ಹೋಗುತ್ತಾ ದನಿ ಬಿರುಸಾಯಿತು. ಮೆಟ್ಟಿಲಿನ ಬಳಿ ಬಂದಾಗಂತೂ ಸಿಟ್ಟೇ ಬಂದುಬಿಟ್ಟಿತು. ಒಂದು ಮೆಟ್ಟಿಲು ಅಳೆದ, ಇನ್ನೊಂದು ಅಳೆದ, ಟೇಪನ್ನು ನೆಲಕ್ಕೆಸೆದ.

"ಇದೇನು ಮೆಟ್ಲಾ? ಮನುಷ್ಯರು ಹತ್ತೋದಾ ಇದು? ಯಾವ ತಲೆಕೆಟ್ಟೋನು ಕಟ್ಟಿದ್ನೋ ಇದ್ನ! ಅವನ ಕೈ ಮುರಿಯಾ!"

ಒಳಗೆ ಸದ್ದು ನಿಂತಿತು. ಅವ್ವ ಹಿಟ್ಟಿನ ಕೋಲು ಹಿಡಿದುಕೊಂಡೇ ಹೊರಗೆ ಬಂದಳು. ಕೋಲಿನ ತುದಿಯಲ್ಲಿ ಬಿಸಿ ರಾಗಿ ಹಬೆಯಾಡುತ್ತಿತ್ತು.

"ಸಾಕು, ಬಾಯ್ಮುಚ್ಲಾ. ಆವಾಗಿಂದ ಕೇಳ್ತಾ ಇವ್ನಿ, ಬಾಯಿಗೆ ಬಂದಂಗೆ ಮಾತಾಡ್ತಾ ಇದ್ದೀಯೆ. ಈ ಮನೆ ಕಟ್ಟಿದೋನು ನನ್ನ ತಮ್ಮ. ಅವನಿಗಾಗ ಮೀಸೆ ಸೈತ ನೆಟ್ಟಗೆ ಬಂದಿರ್ನಿಲ್ಲ. ವಾರವೆಲ್ಲ ಇನ್ನೊಬ್ರ ಗಾರೆ ಹೊತ್ತು, ರಜ ಸಿಕ್ಕಿದ ದಿಸ ಬಸ್ಸಲ್ಲಿ ನಿಂತ್ಕಂಡು ಬಂದು ನನಗೊಂದು ಸೂರು ಮಾಡ್ಕೊಟ್ಟ. ಸಿಮೆಂಟಿಗೆ ಕೈ ಬೆಂದೋಗಿ ತುತ್ತು ಮುರಿಯಾಕೆ ಆಗ್ತಿರ್ನಿಲ್ಲ ಅವನಿಗೆ. ನಾನೇ ತಿನ್ನಿಸ್ತಿದ್ದೆ. ಅವನ ಕೈ ಮುರೀಲಿ ಅನ್ನಾಕೆ ನೀನ್ಯಾರ್ಲಾ?"

ಅವ್ವ ಕೇಳಿದ್ದು ತಮಾಷೆಗಲ್ಲ. ಎಲ್ಲದಕ್ಕೂ ಬಾಯಿ ಇದ್ದ ನಮ್ಮ ಮಾವ ಎಸೆದ ಟೇಪನ್ನು ಎತ್ತಿಕೊಂಡ. ಅದೇ ಸೊಟ್ಟ ಮೆಟ್ಟಿಲ ಮೇಲೆ ಕೂತ. "ಅಂಗಲ್ಲ ಕಣಕ್ಕಾ, ನೀನು ಮೇಲಕ್ಕೆ ಹತ್ತಿ ಎಷ್ಟು ದಿಸ ಆಯ್ತು?" ಎಂದ.

ಅವ್ವ "ಹಿಟ್ಟು ಆರೋಯ್ತದೆ, ಬಾ" ಎಂದು ಒಳಗೆ ಹೋದಳು.

ಮಾವ ವರದಿಯಲ್ಲಿ ಒಂದನ್ನೂ ಮುಚ್ಚಿಡದೆ ಬರೆದುಕೊಟ್ಟ. ಎದುರಿಗೆ ಕೂರಿಸಿಕೊಂಡು ಮೇಡಂ ಕೇಳಿದರಂತೆ, "ಈ ಮನೆಗೆ ನೀವು ಸರ್ಟಿಫಿಕೇಟು ಕೊಡ್ತೀರಾ?" ಮಾವ, "ಕೊಡಾಕಿಲ್ಲ ಮೇಡಂ. ಆದ್ರೆ ಕಟ್ಟಿದೋನ್ನ ಏನೂ ಅನ್ನಾಕಿಲ್ಲ, ನಮ್ಮಕ್ಕ ಬಯ್ತಾಳೆ" ಎಂದನಂತೆ. ಪಾಸು ಮಾಡಿದರು. ಕೆಲಸ ಕಾಯಂ ಆದ ಸುದ್ದಿ ತಿಳಿದು ಅತ್ತೆ ಪಾಯಸ ಮಾಡಿದಳು. ಅವ್ವ ಡೇರಿಯಲ್ಲಿ, "ನನ್ನ ತಮ್ಮನ ಕಂಪ್ಲೇಂಟು ಪಾಸಾಯ್ತು" ಎಂದು ಎಲ್ಲರಿಗೂ ಸಕ್ಕರೆ ಹಂಚಿದಳು.

ಆಮೇಲೆ ಮಾವ ಮಾಡಿದ ಮೊದಲ ಕೆಲಸವೆಂದರೆ ರಜೆ ಹಾಕಿ ಊರಿಗೆ ಹೋದದ್ದು. ಹಳೆಯ ಮೆಟ್ಟಿಲು ತೆಗೆಸಿದ. ನನ್ನ ತಮ್ಮ ಗಾರೆ ಕಲಸಿಕೊಟ್ಟ, ಮಾವ ಸೊಂಟಕ್ಕೆ ಬೆಲ್ಟು ಬಿಗಿದು ಕೂತುಕೊಂಡೇ ಒಂದೊಂದಾಗಿ ಹೊಸ ಮೆಟ್ಟಿಲು ಕಟ್ಟಿದ. ಎಲ್ಲ ತಗ್ಗು, ಎಲ್ಲ ಒಂದೇ ಸಮ, ಎರಡೂ ಕಡೆ ಹಿಡಿದುಕೊಳ್ಳಲು ಪೈಪು. ನೀರುಣಿಸಿ, ಗಟ್ಟಿಯಾದ ಮೇಲೆ ಒಂದು ಸಂಜೆ, ನಾನೂ ಊರಿಗೆ ಹೋಗಿದ್ದಾಗ, ಅವ್ವನಿಗೆ ಹತ್ತು ಎಂದ. ಅವ್ವ ಸೆರಗು ಸಿಕ್ಕಿಸಿ, ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು, ಒಂದು ಕೈಯಲ್ಲಿ ಪೈಪು ಹಿಡಿದು ನಿಧಾನವಾಗಿ ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ತಾರಸಿಗಳ ನಡುವೆ ಮಾತು ಶುರುವಾಯಿತು. ಎಷ್ಟು ದಿನದ ಬಾಕಿಯೋ ಏನೋ, ಮುಗಿಯುವಂತೆಯೇ ಕಾಣಲಿಲ್ಲ. ನಾವು ಕೆಳಗೆ ಕಾಯುತ್ತಾ ಕೂತೆವು.

ಹೊತ್ತು ಮುಳುಗುವ ಮುಂಚೆ ಅವ್ವ ಇಳಿಯಲು ಬಂದಳು. ಮಾವ ತಟ್ಟನೆ ಎದ್ದು ಕೊನೆಯ ಮೆಟ್ಟಿಲ ಬುಡದಲ್ಲಿ, ಮೊದಲ ಹೆಜ್ಜೆ ಇಡುವ ಮಗುವಿನ ಮುಂದೆ ನಿಲ್ಲುತ್ತಾರಲ್ಲ ಹಾಗೆ, ಎರಡೂ ಕೈ ಚಾಚಿಕೊಂಡು ನಿಂತ.

"ಕೈ ಇಳ್ಸ್ಲಾ, ಯಾರಾರ ನೋಡಿದ್ರೆ ನಕ್ಕಾರು. ಬೀಳಾಕಿಲ್ಲ ನಾನು" ಎಂದಳು ಅವ್ವ.

"ಬೀಳಾಕಿಲ್ಲ ಬುಡಕ್ಕಾ" ಎಂದ ಮಾವ. ಕೈ ಮಾತ್ರ ಇಳಿಸಲಿಲ್ಲ.